ತೊಟ್ಟಿಲ ಪದದ ಕ್ಯಾಸೆಟ್ಟು

ಕ್ಯಾಸೆಟ್ ಕಂಪನಿಯ ಮನುಷ್ಯ ಸದಲಗಾದ ನಮ್ಮ ಮನೆಗೆ ಬಂದವನೇ ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟ, ಎಮ್ಮೆಯ ಮೈ ಸವರಿದ, ಸಕ್ಕರೆ ಜಾಸ್ತಿಯಾಗಿದ್ದ ಚಹಾವನ್ನು ಬಾಯ್ತುಂಬ ಹೊಗಳಿದ. ಅಷ್ಟಕ್ಕೇ ನನಗೆ ಅನುಮಾನ ಶುರುವಾಯಿತು. ಕೊಳ್ಳುವ ಮನಸ್ಸಿಲ್ಲದೆ ಎಮ್ಮೆ ಹೊಗಳುವವನನ್ನು ನಾನು ಇವತ್ತಿಗೂ ನಂಬುವುದಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಕ್ಕ ನಾಗೇಶಿ ಪದ ಹಾಡುತ್ತಿದ್ದಳು. ನಾನು ಅವಳ ಬೆನ್ನ ಹಿಂದೆ ನಿಂತು ತುಂತುಣಿ ಮೀಟುತ್ತ ಹಿಮ್ಮೇಳ ಎತ್ತುತ್ತಿದ್ದೆ. ಗಂಡು ಹೆಚ್ಚು ಎಂದು ಹಾಡುವವರು ಹರದೇಶಿ, ಹೆಣ್ಣು ಹೆಚ್ಚು ಎಂದು ಹಾಡುವವರು ನಾವು, ನಾಗೇಶಿಯವರು. ಎದುರುಬದುರು ನಿಂತು ಪದದಲ್ಲೇ ಸವಾಲು, ಪದದಲ್ಲೇ ಜವಾಬು. ಈಗ ಮೊಮ್ಮಗ ಮೊಬೈಲಿನಲ್ಲಿ ಇಬ್ಬರು ಹುಡುಗರು ಪ್ರಾಸ ಕಟ್ಟಿ ಜಗಳಾಡುವುದನ್ನು ತೋರಿಸಿ, 'ಇದಕ್ಕ ರ‍್ಯಾಪ್ ಅಂತಾರ ಅಜ್ಜಿ' ಎನ್ನುತ್ತಾನೆ. ನಾವು ಅದನ್ನು ಇಳಕಲ್ ಸೀರೆಯುಟ್ಟು ಮಾಡುತ್ತಿದ್ದೆವಪ್ಪ, ಅಷ್ಟೇ ವ್ಯತ್ಯಾಸ.

ಸೋತವರು ಗೆದ್ದವರ ಡಪ್ಪಿಗೆ ಹಣೆ ಹಚ್ಚಿ ಇಳಿಯಬೇಕು. ಅಲ್ಲಿಯವರೆಗೆ ಅಕ್ಕ ಯಾರ ಡಪ್ಪಿಗೂ ಹಣೆ ಹಚ್ಚಿದವಳಲ್ಲ. ಅದಕ್ಕೆ ಕಾರಣ ಅವ್ವ ಸಾಯುವ ಮುಂಚೆ ಕಲಿಸಿಕೊಟ್ಟ ಒಂದು ಪದ. ಲೋಕದ ಮೊದಲ ತೊಟ್ಟಿಲು ಯಾವ ಗಿಡದ ಕಟ್ಟಿಗೆಯದು ಎಂಬುದು ಅದರ ಸವಾಲು. ಉತ್ತರ ಗೊತ್ತಿದ್ದವರು ಅಕ್ಕ ಮತ್ತು ನಾನು. ಗಿಡ ಇನ್ನೂ ಹುಟ್ಟಿರಲೇ ಇಲ್ಲ, ತಾಯಿಯ ಸೀರೆಯ ಸೆರಗೇ ಮೊದಲ ತೊಟ್ಟಿಲು. ಎದುರಿನವರು ತಪ್ಪು ಉತ್ತರ ಹೇಳಿದರೆ ಮಾತ್ರ ನಾವು ಸರಿಯಾದದ್ದನ್ನು ಹಾಡಿ ತೋರಿಸಬೇಕು. ಬಾಯಿ ಮುಚ್ಚಿ ಸೋತರೆ ಹೇಳಬೇಕಾಗಿಲ್ಲ. ಮಂದಿಯ ಮುಂದೆ ನಗೆಪಾಟಲಾಗುವುದು ಬೇಡವೆಂದು ಎಲ್ಲರೂ ಬಾಯಿ ಮುಚ್ಚಿಯೇ ಸೋಲುತ್ತಿದ್ದರು.

ಕಂಪನಿಯ ಆ ಮನುಷ್ಯ ಕೇಳಿದ್ದು ಅದೇ ಪದ.

"ಒಂದ್ ಬಾಜೂಕ ಸವಾಲ, ಇನ್ನೊಂದ್ ಬಾಜೂಕ ಜವಾಬ. ಜವಾಬ ಇಲ್ಲದ ಕ್ಯಾಸೆಟ್ ಯಾರ ತಗೋತಾರ್ರಿ ಬಾಯಾರ?" ಎಂದ.

ಅವನು ಹೋದ ಮೇಲೆ ನಾನು ಅಕ್ಕನಿಗೆ ಹೇಳಿದೆ: "ಕೊಲ್ಲಾಪುರದ ಕಂಪನಿಯವಗ ನಮ್ಮ ತೊಟ್ಟಿಲ ಪದಾ ಯಾರ ಹೇಳ್ಯಾರ? ಅಥಣಿಯಾಂವನ ಕಳಿಸ್ಯಾನ, ನೋಡ್ಕೋತಿರು."

ಅಥಣಿಯವನು ಎಂದರೆ ಅಕ್ಕನ ಎದುರು ಹಾಡುತ್ತಿದ್ದ ಹರದೇಶಿಯವನು. ಮೂರು ಸಲ ಅವಳಿಗೆ ಸೋತಿದ್ದ. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು.

"ಜವಾಬ ಬೇಕಂದಾನ, ಕೊಡೂಣು. ಖರೇದ ಕೊಡಬೇಕಂತ ಎಲ್ಲೈತಿ? ಬೇವಿನ ಕಟ್ಟಿಗಿ ಅಂತ ಹಾಡ್ತೇನಿ. ಕ್ಯಾಸೆಟ್ ಕೇಳಿ ಬಂದಾಂವ ಬೇವು ಅಂದ್ರ ಅಲ್ಲೇ ಹಿಡೀತೇನಿ."

ನನಗೆ ಎಷ್ಟು ಖುಷಿಯಾಯಿತೆಂದರೆ, ಎದ್ದು ಅವಳ ಹಿಟ್ಟಿನ ಕೈಗೇ ಮುತ್ತಿಟ್ಟೆ.

ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮಿನ ಮೇಲಿನ ಕೋಣೆಯಲ್ಲಿ ಗೋಡೆಗೆಲ್ಲ ಕೌದಿ ತೂಗುಹಾಕಿ ರೆಕಾರ್ಡಿಂಗ್ ಮಾಡಿದರು. ತಂಬಾಕಿನ ಘಾಟಿಗೆ ನಾನು ಸೀನಿದಾಗಲೆಲ್ಲ ಮತ್ತೆ ಮೊದಲಿಂದ ಹಾಡಬೇಕಾಯಿತು. ಕಂಪನಿಯ ಮನುಷ್ಯ ಬೇವು ಎಂಬ ಉತ್ತರ ಕೇಳಿ ಕಣ್ಣು ಮುಚ್ಚಿ ತಲೆದೂಗಿದ. ಯಾರಿಗೆ ಹೇಳಲು ಬಾಯಿಪಾಠ ಮಾಡುತ್ತಿದ್ದಾನೋ ಎಂದುಕೊಂಡೆ.

ಕ್ಯಾಸೆಟ್ ಹೊರಬಂದ ಮೇಲೆ ಎಲ್ಲಿ ನೋಡಿದರೂ ಅದೇ. ಹಿಟ್ಟಿನ ಗಿರಣಿಯಲ್ಲಿ, ಕಬ್ಬಿನ ಟ್ರ್ಯಾಕ್ಟರಿನಲ್ಲಿ, ಏಕಸಂಬಿಯ ಚಹಾದಂಗಡಿಯಲ್ಲಿ. ಕೈಗೂಸಿದ್ದ ಹೆಂಗಸರು ಅಕ್ಕನನ್ನು ಹಿಡಿದು ನಿಲ್ಲಿಸಿ, ನಿಮ್ಮ ಪದ ಕೇಳಿ ಬೇವಿನ ತೊಟ್ಟಿಲನ್ನೇ ಮಾಡಿಸಿದೆವೆಂದು ಹೇಳುತ್ತಿದ್ದರು. ಅಕ್ಕ ನನ್ನ ಕಡೆ ನೋಡಿ ನಗು ತಡೆದುಕೊಳ್ಳುತ್ತಿದ್ದಳು.

ಮುಂದಿನ ವರ್ಷ ಅಥಣಿಯ ಕಡೆ ದ್ರಾಕ್ಷಿ ತೋಟದ ಸಾಹುಕಾರರೊಬ್ಬರು ಹೊಸ ಮನೆಯ ವಾಸ್ತುಶಾಂತಿಗೆ ಎರಡೂ ಮೇಳ ಕರೆಸಿದರು. ಬೆಳಕು ಹರಿಯುವ ಹೊತ್ತಿಗೆ ಅಕ್ಕ ತೊಟ್ಟಿಲ ಸವಾಲು ಹಾಕಿದಳು. ಅಥಣಿಯವನು ತಡಮಾಡಲಿಲ್ಲ, ಬೇವು ಎಂದು ಹಾಡಿದ. ಅಕ್ಕ ಸೆರಗು ಹಿಡಿದೆತ್ತಿ ಅವ್ವನ ಉತ್ತರ ಹಾಡಿದಳು. ಅಷ್ಟು ಚೆನ್ನಾಗಿ ಅವಳು ಹಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ. "ಕ್ಯಾಸೆಟ್ಟಿನ್ಯಾಗ ಬೇವು ಅಂತ ನೀವ ಹಾಡೀರಲ್ಲಬೇ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಮಂದಿಯೆಲ್ಲ ಹೌದ್ಹೌದು ಎಂದರು.

"ಅದು ಬೇಕಂತನ ಸುಳ್ಳ ಹಾಡೇನ್ರಿ," ಎಂದಳು ಅಕ್ಕ.

ಅಥಣಿಯವನು ಕೈಮುಗಿದ. "ಅವತ್ತ ಸುಳ್ಳ ಹಾಡಿದಾಕಿ ಇವತ್ತ ಖರೆ ಹಾಡ್ತಾಳಂತ ನಾವ್ ಹೆಂಗ ನಂಬೂದು, ತಾಯಿ?"

ಅಕ್ಕ ಅವನ ಡಪ್ಪಿಗೆ ಹಣೆ ಹಚ್ಚಿದಳು. ನನಗೆ ನಾಚಿಕೆಗಿಂತ ಸಿಟ್ಟು ಹೆಚ್ಚಾಗಿತ್ತು. ಅವನೂ ಕಂಪನಿಯವನೂ ಸೇರಿ ಆಡಿದ ಆಟ ಎಂದು ದಾರಿಯುದ್ದಕ್ಕೂ ಬೈದೆ. ಅವರಿಬ್ಬರೂ ಒಮ್ಮೆಯಾದರೂ ಭೇಟಿಯಾಗಿದ್ದರು ಎಂಬುದಕ್ಕೆ ಇವತ್ತಿನವರೆಗೂ ನನಗೆ ಆಧಾರ ಸಿಕ್ಕಿಲ್ಲ. ಅಷ್ಟು ಚೊಕ್ಕಟವಾಗಿ ಮುಚ್ಚಿಟ್ಟಿದ್ದಾರೆಂದರೆ ಅನುಮಾನ ಬರಬೇಡವೇ?

ಆ ಸುದ್ದಿ ಹಬ್ಬಿದ ಮೇಲೆ ನಮ್ಮನ್ನು ಕರೆಯುವವರು ಕಡಿಮೆಯಾದರು. ಕಂಪನಿಯವನು ಮಾತ್ರ ಮತ್ತೊಮ್ಮೆ ಬಂದ. "ಮಂದಿ ಬೇವು ಅಂದ್ರ ಬೇವ ಇರ್ಲಿ ಬಾಯಾರ, ನಿಮಗ ಹಾಡೂದ ಬೇಕೋ, ಹಟಾ ಬೇಕೋ?" ಎಂದು ಕೇಳಿದ. ಅಕ್ಕ ರೊಟ್ಟಿ ಬಡಿಯುತ್ತಲೇ ಇದ್ದಳು. ನಾನು ಅವನಿಗೆ ಚಹಾ ಕೊಡಲಿಲ್ಲ.

ಬಹಳ ದಿನದ ಮೇಲೆ ಯಡೂರಿನ ಹತ್ತಿರ ಹಾಡಲು ಕರೆ ಬಂತು. ಎದುರಿಗೆ ಅಥಣಿಯವನೇ. ಎಲ್ಲರೂ ನಗಲೆಂದೇ ಅವನು ಅಕ್ಕನ ಸವಾಲನ್ನು ಅಕ್ಕನಿಗೇ ಹಾಕಿದ. ಅಕ್ಕ ಹಿಂದೆ ತಿರುಗಿ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಮಂದಿಯ ಕಡೆ ತಿರುಗಿ, ಬೇವು ಎಂದು ಹಾಡಿದಳು.

ಚಪ್ಪಾಳೆಯ ಸದ್ದಿಗೆ ತುಂತುಣಿ ಕೇಳದಂತಾಯಿತು. ಮುಂದಿನವಳು ಹಾಡಿದ್ದನ್ನು ಹಿಂದಿನವಳು ಎತ್ತಲೇಬೇಕು, ಇಲ್ಲದಿದ್ದರೆ ಪದ ಬಿದ್ದುಹೋಗುತ್ತದೆ. ನಾನೂ ಬೇವು ಎಂದೆ.