ಹೆಸರಿಲ್ಲದ ಹಸುವಿಗೆ ಸೀಮಂತ

ದೀಪಳಿಗೆ ಮಕ್ಕಳಿಲ್ಲ ಎನ್ನುವುದು ಅವಳಿಗಿಂತ ನಮ್ಮ ಹೊಸಹೊಳಲಿನವರಿಗೇ ಹೆಚ್ಚು ನೆನಪಿರುತ್ತದೆ. ಡೇರಿಗೆ ಹಾಲು ಹಾಕಲು ಹೋದರೆ ಒಬ್ಬಳು ಬೇರಿನ ಕಷಾಯ ಹೇಳುತ್ತಾಳೆ, ಅಂಗಡಿಗೆ ಹೋದರೆ ಇನ್ನೊಬ್ಬಳು ನಾಗರಕಲ್ಲು ನಿಲ್ಲಿಸು ಎನ್ನುತ್ತಾಳೆ. ಇವರನ್ನು ಕೇಳಿದವರು ಯಾರು? ನಾನು ಪಕ್ಕದ ಮನೆಯವಳು, ಅವಳು ಮದುವೆಯಾಗಿ ಬಂದಂದಿನಿಂದ ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಆ ಗೋಡೆಯಾಚೆಯಿಂದ ಅಳು ಕೇಳಿದ್ದೇನೆ, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ಹೆಚ್ಚು ಕೇಳಿರುವುದು ನಗು. ಹಾಗೆಂದು ಹೇಳಿದರೆ ಈ ಊರಲ್ಲಿ ಯಾರಿಗೂ ರುಚಿಸುವುದಿಲ್ಲ.

ಅವಳ ಗಂಡ ತಿಮ್ಮೇಶ ಊರ ಬಾಗಿಲಲ್ಲಿ ರಾಗಿ ಮಿಲ್ಲು ಇಟ್ಟುಕೊಂಡಿದ್ದಾನೆ. ಮಾತು ಕಡಿಮೆ. ಸಂಜೆ ಮನೆಗೆ ಬಂದರೆ ಕಣ್ಣಿನ ರೆಪ್ಪೆಯ ಮೇಲೂ ಹಿಟ್ಟು. ದೀಪ ಅವನನ್ನು ಹಿತ್ತಲಲ್ಲಿ ನಿಲ್ಲಿಸಿ, ಟವಲಿನಿಂದ ಮೈ ಒದರಿ, ಆಮೇಲೆ ಒಳಗೆ ಬಿಡುತ್ತಾಳೆ. ಅವನು ಬೇಕೆಂದೇ ತಲೆ ಕೊಡವಿ ಅವಳ ಮುಖಕ್ಕೂ ಹಿಟ್ಟು ಮಾಡುತ್ತಾನೆ. ಅವಳು ಬೈಯುತ್ತಾಳೆ, ಇಬ್ಬರೂ ನಗುತ್ತಾರೆ.

ಮಗುವಿಗಾಗಿ ಮೈಸೂರಿನ ಆಸ್ಪತ್ರೆಗೆ ಅಲೆದ ಕಾಲದಲ್ಲಿ ದಿನಾ ಹೊಟ್ಟೆಗೆ ಸೂಜಿ ಹಾಕಿಸಿಕೊಳ್ಳಬೇಕಿತ್ತು. ಅದೊಂದಕ್ಕೆ ದಿನಾ ಬಸ್ಸು ಹತ್ತುವುದು ಹೇಗೆಂದು ತಿಮ್ಮೇಶನೇ ನರ್ಸಮ್ಮನ ಹತ್ತಿರ ಕಲಿತ. ರಾಗಿ ಮೂಟೆ ಎತ್ತುವ ಕೈ ಆ ಸಣ್ಣ ಸೂಜಿ ಹಿಡಿದರೆ ನಡುಗುತ್ತಿತ್ತಂತೆ. ಚುಚ್ಚುವವನು ಅವನು, ಧೈರ್ಯ ಹೇಳುವವಳು ಇವಳು. ಕೊನೆಯ ಸಲವೂ ಗರ್ಭ ನಿಲ್ಲಲಿಲ್ಲ ಎಂದು ತಿಳಿದ ದಿನ ಇಬ್ಬರೂ ಶ್ರೀರಂಗಪಟ್ಟಣದಲ್ಲಿ ಬಸ್ಸಿಳಿದು ಹೊಳೆಯ ಮೆಟ್ಟಿಲ ಮೇಲೆ ಕೂತರು. ಸಾಕು ಎಂದಳು ಅವಳು. ಸಾಕು ಎಂದ ಅವನು. ಮನಸಾರೆ ಅತ್ತು, ಮುಖ ತೊಳೆದು, ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಊರಿಗೆ ಬಂದರು. ದುಃಖ ಹೋಯಿತು ಅಂತಲ್ಲ, ಅದು ನಮ್ಮಿಬ್ಬರದು, ನಾವೇ ನೋಡಿಕೊಳ್ಳುತ್ತೇವೆ ಎಂದು ದೀಪಳೇ ನನಗೆ ಹೇಳಿದಳು.

ಇಷ್ಟು ಸರಳವಾದದ್ದು ತಿಮ್ಮೇಶನ ಅಕ್ಕ ಯಶೋದಮ್ಮನ ತಲೆಗೆ ಹೋಗಲಿಲ್ಲ. ಪಾಂಡವಪುರಕ್ಕೆ ಕೊಟ್ಟ ಹೆಣ್ಣು, ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಸಾಕಿದವಳು. ಆ ಋಣಕ್ಕೆ ತಿಮ್ಮೇಶ ಅವಳಿಗೆ ಎದುರಾಡಿದವನಲ್ಲ. ಅವಳು ಬಂದು ದೀಪಳನ್ನು ಏನಂದರೂ ಚಪ್ಪಲಿ ಮೆಟ್ಟಿಕೊಂಡು ಮಿಲ್ಲಿಗೆ ಹೋಗಿಬಿಡುತ್ತಿದ್ದ. ಅಂಥ ಒಳ್ಳೆಯ ಮನುಷ್ಯನ ವಿಷಯದಲ್ಲಿ ನನಗೆ ಮೈ ಉರಿಯುತ್ತಿದ್ದದ್ದು ಇದೊಂದಕ್ಕೇ. ದೀಪ ಅವನಲ್ಲಿ ಬೇರೇನನ್ನೂ ಬೇಡಿದವಳಲ್ಲ. ಅಕ್ಕನ ಎದುರು ಒಂದೇ ಒಂದು ಸಲ ತನ್ನ ಪರವಾಗಿ ಬಾಯಿ ಬಿಡಲಿ ಎಂದು ಮಾತ್ರ ಕಾಯುತ್ತಿದ್ದಳು.

ಈ ಕಾರ್ತಿಕದಲ್ಲಿ ಅವರ ಹಸು ತುಂಬು ಗಬ್ಬವಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ದೀಪ ಸಗಣಿ ಬಾಚಿ ಹೊರಗೆ ಬಂದರೆ ಗೇಟಿಗೆ ಫ್ಲೆಕ್ಸು ಕಟ್ಟಿದೆ. ಮದುವೆಯ ಫೋಟೋದಿಂದ ಕತ್ತರಿಸಿದ ಗಂಡ ಹೆಂಡತಿಯ ಮುಖ, ನಡುವೆ ಹಸುವಿನ ಮುಖ, ಕೆಳಗೆ ಗುಲಾಬಿ ಅಕ್ಷರದಲ್ಲಿ ‘ಮಕ್ಕಳಿಲ್ಲದ ದಂಪತಿಯ ಮುದ್ದಿನ ಮಗಳು ಗೌರಿಯ ಸೀಮಂತಕ್ಕೆ ಸ್ವಾಗತ’ ಎಂದು ಬರೆದಿದೆ. ಗೌರಿಯಂತೆ! ಆ ಹಸುವಿಗೆ ಹೆಸರೇ ಇರಲಿಲ್ಲ. ಕೆಂದ ಹಸು ಎನ್ನುತ್ತಿದ್ದರು, ಅಷ್ಟೆ.

ಅಷ್ಟರಲ್ಲಿ ಯಶೋದಮ್ಮ ಆಟೋದಿಂದ ಇಳಿದಳು. ಜೊತೆಗೆ ರೇಷ್ಮೆ ಸೀರೆ, ಹಸಿರು ಬಳೆ, ಚಿಗಳಿ, ಚಕ್ಕುಲಿ, ಕಜ್ಜಾಯ. ಊರಿನ ಹೆಂಗಸರಿಗೆಲ್ಲ ಮೊದಲೇ ಹೇಳಿಕೆ ಹೋಗಿತ್ತು. ಮನೆಯ ಯಜಮಾನಿಗೆ ಮಾತ್ರ ಇಲ್ಲ. ಹಿಂದೆಯೇ ಕೆ.ಆರ್. ಪೇಟೆಯ ಸ್ಟುಡಿಯೋ ಧರ್ಮೇಂದ್ರ ಕ್ಯಾಮೆರಾ ಹಿಡಿದು ಬಂದ. ಮೊಬೈಲಿನಲ್ಲಿ ಊರೂರಿನ ವಿಡಿಯೋ ಬಿಡುವ ಆಸಾಮಿ ಅವನು. ಹಸುವಿನ ಕೊರಳು ತಬ್ಬಿಕೊಂಡು ಮಗಳೇ ಅನ್ನಿ, ಸ್ವಲ್ಪ ಕಣ್ಣೀರು ಬಂದರೆ ಇನ್ನೂ ಒಳ್ಳೆಯದು ಎಂದು ದೀಪಳಿಗೆ ಹೇಳಿಕೊಟ್ಟ. ನನ್ನ ಕೈಯಲ್ಲಿ ಪೊರಕೆ ಇತ್ತು, ಹೇಗೋ ತಡೆದುಕೊಂಡೆ.

“ಇದು ಅಸ ಕಣಣ್ಣ,” ಎಂದಳು ದೀಪ. “ನಾನು ಉಲ್ಲು ಆಕ್ತೀನಿ, ಅದು ಆಲು ಕೊಡ್ತದೆ. ಮಗಳು ಅಂತ ನಿಂಗ್ಯಾರು ಯೋಳಿದ್ದು?”

ಯಶೋದಮ್ಮ ಸೆರಗು ಕಣ್ಣಿಗೊತ್ತಿಕೊಂಡಳು. ಹೀಗಾದರೂ ಇವಳ ಹೊಟ್ಟೆ ತಣ್ಣಗಾಗಲಿ ಎಂದು ತಾನು ಇಷ್ಟೆಲ್ಲ ಮಾಡಿದರೆ ಇದಾ ಮರ್ಯಾದೆ ಎಂದು ಕ್ಯಾಮೆರಾ ಇದ್ದ ಕಡೆ ತಿರುಗಿಯೇ ಅತ್ತಳು. ಬಂದವರೆಲ್ಲ ಲೊಚಗುಟ್ಟಿದರು. ಯಶೋದಮ್ಮ ಬಳೆಯ ತಟ್ಟೆಯನ್ನು ದೀಪಳ ಕೈಗೆ ತುರುಕಿ, ಕೊಂಬಿಗೆ ತೊಡಿಸು ಎಂದಳು. ದೀಪ ತಟ್ಟೆ ಹಿಡಿದು ಹಾಗೇ ನಿಂತುಬಿಟ್ಟಳು. ನಾನು ಪೊರಕೆ ಬಿಸಾಕಿ ಮಿಲ್ಲಿಗೆ ಹೋದೆ. ಇವತ್ತೂ ನೀನು ಸುಮ್ಮನಿದ್ದರೆ ನಿನ್ನ ಮಿಲ್ಲಿಗೆ ಇನ್ನು ನಾನು ಕಾಲಿಡುವುದಿಲ್ಲ ಎಂದು ತಿಮ್ಮೇಶನಿಗೆ ಹೇಳಿದೆ.

ಅವನು ಹಿಟ್ಟು ಮೆತ್ತಿದ ಮೈಯಲ್ಲೇ ಬಂದ. ಗೇಟಿನ ಮುಂದೆ ನಿಂತು ಫ್ಲೆಕ್ಸು ಪೂರ್ತಿ ಓದಿದ. ಹಗ್ಗ ಬಿಚ್ಚಿ, ಅದನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದ. ಧರ್ಮೇಂದ್ರ ಕ್ಯಾಮೆರಾ ಅವನ ಕಡೆ ತಿರುಗಿಸಿದ.

“ತೆಗಿ ಕಣ್ಲಾ, ಚೆನ್ನಾಗೇ ತೆಗಿ,” ಎಂದ ತಿಮ್ಮೇಶ. ಆಮೇಲೆ ಅಕ್ಕನ ಕಡೆ ನೋಡಿದ. “ಅಕ್ಕ, ನೀನು ಸಾಕಿದ್ದು ನಾನು ಮರ್ತಿಲ್ಲ. ಈ ಮನೇಲಿ ಮಕ್ಳಿಲ್ಲ, ಅದೂ ಮರ್ತಿಲ್ಲ. ಆದ್ರೂ ಇವಳ ಜೊತೆ ನಾನು ಸುಖವಾಗಿವ್ನಿ. ಓದ ವರ್ಷ ನೀನು ನಿನ್ ಮಗಳು ರಮ್ಯಂಗೆ ಸೀಮಂತ ಮಾಡ್ದೆ. ದೀಪ ಬಳೆ ಮುಟ್ಟೋದು ಬ್ಯಾಡ, ಬರೋದೇ ಬ್ಯಾಡ ಅಂತ ಫೋನ್ ಮಾಡ್ದೆ. ನಾನು ಸುಮ್ಕಿದ್ದೆ. ಇವತ್ತು ಅದೇ ಕೈಗೆ ತಟ್ಟೆ ಕೊಟ್ಟು ಅಸೂಗೆ ತೊಡ್ಸು ಅಂತೀಯ. ಮನುಸ್ರಿಗೆ ಆಗ್ದೇ ಇರೋ ಕೈ ದನಕ್ಕೆ ಎಂಗಕ್ಕ ಆಯ್ತದೆ?”

ಬಂದಿದ್ದ ಹೆಂಗಸರಿಗೆಲ್ಲ ತಂತಮ್ಮ ಮನೆಯ ಒಂದೊಂದು ಸೀಮಂತ ನೆನಪಾಗಿರಬೇಕು, ಎಲ್ಲರೂ ನೆಲ ನೋಡಿದರು. ದೀಪ ತಟ್ಟೆಯನ್ನು ಯಶೋದಮ್ಮನ ಕೈಗೇ ವಾಪಸು ಕೊಟ್ಟು, ಗಂಡನ ಪಕ್ಕಕ್ಕೆ ಬಂದು ನಿಂತಳು.