ಮುನಿಶಾಮಣ್ಣನ ಎಣ್ಣೆ

ಮುನಿಶಾಮಣ್ಣ ಕಾರು ಹತ್ತುವ ಮೊದಲು ಅದನ್ನು ಮೂಸಿ ನೋಡುತ್ತಿದ್ದ. ಬಾನೆಟ್ಟು ಎತ್ತಿ ಒಮ್ಮೆ, ಆಮೇಲೆ ಒಂದೊಂದು ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಒಮ್ಮೊಮ್ಮೆ. "ಕಣ್ಣು ಸುಳ್ಳು ಹೇಳ್ತದೆ ಅಮ್ಮಣ್ಣಿ, ಮೂಗು ಹೇಳಲ್ಲ" ಎನ್ನುತ್ತಿದ್ದ. ದೇವನಹಳ್ಳಿ ಬಸ್ ಸ್ಟ್ಯಾಂಡಿನ ಎದುರು ನಿಲ್ಲುತ್ತಿದ್ದ ಅವನ ಹಳೆಯ ಟ್ಯಾಕ್ಸಿ ಬಿಟ್ಟು ಆವತಿಯ ನಮ್ಮ ಮನೆಯವರು ಬೇರೆ ಕಾರು ಹತ್ತಿದವರಲ್ಲ.

ಊಟದ ವಿಷಯದಲ್ಲೂ ಅದೇ ಮೂಗು. ಹೋಟೆಲಿನ ಬಾಗಿಲಲ್ಲಿ ನಿಂತು ಉಸಿರೆಳೆದು, "ಇಲ್ಲಿ ಬ್ಯಾಡಿ ಗೌಡ್ರೇ, ಸಾರು ನಿನ್ನೇದು" ಎಂದರೆ ನಮ್ಮ ಯಜಮಾನರು ಮರುಮಾತಿಲ್ಲದೆ ವಾಪಸ್ಸು ಬಂದು ಕೂರುತ್ತಿದ್ದರು.

ಅರವತ್ತರ ದಶಕದ ಕೊನೆ. ಮದುವೆಯಾದ ಎರಡನೆಯ ವರ್ಷ ನನಗೆ ಕಡಲು ತೋರಿಸಲು ಇವರು ಅವನ ಕಾರಿನಲ್ಲೇ ಕರೆದುಕೊಂಡು ಹೊರಟರು. ನಾನು ನಾಲ್ಕು ತಿಂಗಳ ಬಸುರಿ. ಅತ್ತೆ ಮುನಿಶಾಮಣ್ಣನ ಕೈ ಹಿಡಿದು, "ಎರಡು ಜೀವ ಕಣಪ್ಪಾ, ಜೋಪಾನ" ಎಂದಿದ್ದರು.

ಮಂಗಳೂರಿನಿಂದ ಕಾರವಾರದ ಕಡೆಗೆ ಕಡಲಿನ ಪಕ್ಕದ ರಸ್ತೆ. ದಾರಿಯುದ್ದಕ್ಕೂ ತಿನ್ನುವುದೇ ಕೆಲಸ; ನೀರುದೋಸೆ, ಬಂಗುಡೆ ಸಾರು, ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವುದು ಆ ಮೂಗು. ಕುಂದಾಪುರದ ಹತ್ತಿರ ಇವರ ಕಾಲೇಜಿನ ಗೆಳೆಯರೊಬ್ಬರ ಮನೆ. ಕ್ರೈಸ್ತರು. ಹಿಂದಿನ ವರ್ಷ ನಮ್ಮ ತೋಟದ ಕಪ್ಪು ದ್ರಾಕ್ಷಿ ಒಯ್ದು ಮನೆಯಲ್ಲೇ ವೈನು ಮಾಡಿದ್ದರು. ಇವರು ಎರಡು ಗ್ಲಾಸು ಮುಗಿಸಿ ಮೂರನೆಯದಕ್ಕೆ ಕೈಯೊಡ್ಡಿದರು. ಕಿಟಕಿಯಾಚೆ ನೋಡಿದರೆ, ಜಗಲಿಯಲ್ಲಿ ಕೂತ ಮುನಿಶಾಮಣ್ಣನ ಮುಖದ ಹತ್ತಿರವೂ ಒಂದು ಗ್ಲಾಸು!

ಮರುದಿನ ಬೆಳಿಗ್ಗೆ ಅವನು ಆ ಮನೆಯ ಆಳಿನ ಹತ್ತಿರ, "ಇಲ್ಲಿ ಎಣ್ಣೆ ಎಲ್ಲಿ ಸಿಗ್ತದೆ?" ಎಂದು ಕೇಳುವುದು ಕಿವಿಗೆ ಬಿತ್ತು. ನಮ್ಮ ಕಡೆ ಗಂಡಸರು ಎಣ್ಣೆ ಎಂದರೆ ಅದು ದೀಪಕ್ಕೆ ಹಾಕುವುದಲ್ಲ. ಓಡಿಹೋಗಿ ಇವರಿಗೆ ಹೇಳಿದೆ. ಹಿಂದಿನ ದಿನದ ವೈನಿನಿಂದ ತಲೆ ಭಾರವಾಗಿದ್ದ ಇವರು ಕೆಂಡವಾದರು.

"ಏನಯ್ಯಾ, ಬೆಳಿಗ್ಗೆ ಬೆಳಿಗ್ಗೇನೇ ಎಣ್ಣೆ ಬೇಕಾ ನಿಂಗೆ?"

"ಬೇಕು ಗೌಡ್ರೇ. ಎಣ್ಣೆ ಇಲ್ದೆ ಹೊರಡೋದು ಸರಿಯಲ್ಲ."

"ಬಾಯ್ಮುಚ್ಚು! ಬಸುರಿ ಹೆಂಗಸನ್ನ ಕೂರಿಸ್ಕೊಂಡು ಎಣ್ಣೆ ಅಂತೀಯಾ? ಇನ್ನೊಂದ್ಸಲ ಆ ಮಾತು ಎತ್ತಿದ್ರೆ ನೋಡು. ಹತ್ತು ಗಾಡಿ!"

ಮುನಿಶಾಮಣ್ಣ ಇನ್ನೊಮ್ಮೆ ಮುಂದಿನ ಚಕ್ರದ ಕಡೆ ನೋಡಿ ಕಾರು ಹತ್ತಿದ. ಅವನ ಮುಖ ಸಣ್ಣದಾಗಿತ್ತು. ದಾರಿಯಲ್ಲಿ ಅಂಗಡಿ ಸಾಲು ಕಂಡಲ್ಲೆಲ್ಲ ಕಾರು ನಿಧಾನ ಮಾಡುವನು. ಇವರು "ನಡಿ, ನಡಿ" ಎಂದು ಗದರುವರು. ಕುಡುಕನ ಕೈಗೆ ನನ್ನ ಕೂಸನ್ನು ಕೊಟ್ಟು ಕೂತಿದ್ದೇನಲ್ಲಾ ಎಂದು ನಾನು ಮನೆದೇವರಿಗೆ ಹರಕೆ ಹೊತ್ತೆ.

ಆಗ ಅಲ್ಲಿನ ಹೊಳೆಗಳಿಗೆಲ್ಲ ಸೇತುವೆ ಇರಲಿಲ್ಲ. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ಲಿನ ಮೇಲೆ ಕಾರು ದಾಟಬೇಕು. ಹೊಳೆಗೆ ಇಳಿಯುವ ದಾರಿ ಕಡಿದಾದ ಇಳಿಜಾರು. ಅರ್ಧ ಇಳಿದಿದ್ದೆವು, ಬ್ರೇಕು ಒತ್ತಿದ ಮುನಿಶಾಮಣ್ಣನ ಕಾಲು ಒಮ್ಮೆಲೇ ತಳಕ್ಕೆ ಹೋಯಿತು. ಮತ್ತೆ ಒತ್ತಿದ. ಕಾರು ನಿಲ್ಲಲಿಲ್ಲ.

"ಅಮ್ಮಣ್ಣಿ, ಸೀಟು ಗಟ್ಟಿಯಾಗಿ ಹಿಡ್ಕಳಿ."

ಗೇರು ಗೊರಗೊರ ಎಂದಿತು. ಕೈಬ್ರೇಕು ಎಳೆದ. ಜಂಗಲ್ಲಿನ ಹತ್ತಿರ ನಿಂತಿದ್ದ ಜನ ಕೂಗುತ್ತಾ ಚದುರಿದರು. ಎದುರಿಗೆ ನೀರು ಬಿಟ್ಟು ಬೇರೇನೂ ಕಾಣಲಿಲ್ಲ. ಅವನು ಸ್ಟೇರಿಂಗನ್ನು ಎಡಕ್ಕೆ ತಿರುವಿ, ದಡದಲ್ಲಿದ್ದ ಮರಳಿನ ಗುಡ್ಡೆಗೆ ಕಾರು ನುಗ್ಗಿಸಿದ. ನಿಂತಿತು. ನೀರಿಗೆ ಎರಡು ಮಾರೂ ಇರಲಿಲ್ಲ. ನಾನು ಹೊಟ್ಟೆ ತಬ್ಬಿಕೊಂಡು ಅಳುತ್ತಿದ್ದೆ.

ಅವನು ಇಳಿದು, ಮುಂದಿನ ಚಕ್ರದ ಪಕ್ಕ ಕೂತು ಮೂಸಿದ. ಟೈರಿನ ಒಳಮೈ ಒದ್ದೆಯಾಗಿತ್ತು. ಇವರ ಕಡೆ ನೋಡಲಿಲ್ಲ, ನನ್ನನ್ನೇ ನೋಡಿ ಹೇಳಿದ: "ನಾನ್ ಕೇಳಿದ್ದು ಬ್ರೇಕಿಗೆ ಹಾಕೋ ಎಣ್ಣೆ ಅಮ್ಮಣ್ಣಿ. ಬೆಳಿಗ್ಗೇನೇ ವಾಸನೆ ಬಂದಿತ್ತು."

"ಮತ್ತೆ ಆ ಗ್ಲಾಸು?" ಎಂದೆ.

"ಮೂಸಿದೆ ಅಷ್ಟೇ. ನಮ್ಮೂರ ದ್ರಾಕ್ಷಿ ಗುರುತು ಸಿಗ್ತದಾ ಅಂತ. ಸಿಕ್ತು. ಸ್ಟೇರಿಂಗ್ ಹಿಡಿಯೋ ಕೈ ಇದು, ಕುಡಿಯೋಕಾಗ್ತದಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಇವರು ತಾವೇ ಊರೊಳಗೆ ಹೋಗಿ ಎಣ್ಣೆ ತಂದರು, ಮೆಕ್ಯಾನಿಕ್ಕನನ್ನೂ ಕರೆತಂದರು. ತಪ್ಪಾಯಿತು ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹುಟ್ಟಿದ ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಅವನ ಕಾರೇ.

ಆಮೇಲೆ ಎಲ್ಲಿಗೇ ಹೋಗಲಿ, ಕಾರು ನಿಲ್ಲಿಸಿ ಅಂಗಡಿಗೆ ಹೊರಡುವ ಮುನ್ನ ನನಗೆ ಕೇಳುವಂತೆ, "ಎಣ್ಣೆ ತರ್ತೀನಿ ಅಮ್ಮಣ್ಣಿ. ಬ್ರೇಕಿಗೆ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ಪ್ರತಿ ಸಲವೂ ಮುಳ್ಳು ಚುಚ್ಚಿದಂತಾಗುತ್ತಿತ್ತು.

ಏಳೆಂಟು ವರ್ಷದ ಮೇಲೆ ಅವನು ಹಾಸಿಗೆ ಹಿಡಿದಿದ್ದಾನೆಂದು ಕೇಳಿ, ದ್ರಾಕ್ಷಿ ತೆಗೆದುಕೊಂಡು ನೋಡಲು ಹೋದೆ. ಈ ಸಲ ಹೇಳಿಯೇ ಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಗೊಂಚಲನ್ನು ಮೂಗಿಗೆ ಹಿಡಿದ. ವಾಸನೆ ಹತ್ತಲಿಲ್ಲವೋ ಏನೋ, ಸುಮ್ಮನೆ ಪಕ್ಕಕ್ಕಿಟ್ಟ. ಅಷ್ಟರಲ್ಲಿ ಅವನ ಮಗಳು ಒಳಗಿನಿಂದ ಬಟ್ಟಲು ಹಿಡಿದು ಬಂದಳು.

"ಅಪ್ಪಾ, ಎಣ್ಣೆ ತಂದೆ."

ಮುನಿಶಾಮಣ್ಣ ಕತ್ತು ಹೊರಳಿಸಿ ನನ್ನನ್ನು ನೋಡಿದ.

"ತಲೆಗೆ ಅಮ್ಮಣ್ಣಿ," ಎಂದ. "ತಲೆಗೆ."

ನಾನು ನಕ್ಕುಬಿಟ್ಟೆ. ಅವನೂ ನಕ್ಕ. ಆ ನಗುವಿನಲ್ಲಿ ಜೋಡಿಸಿಕೊಂಡು ಹೋಗಿದ್ದ ಮಾತು ಹಾಗೇ ಉಳಿಯಿತು. ಮುಂದಿನ ವಾರ ಹೋದಾಗ ಮನೆಯ ಮುಂದೆ ಟ್ಯಾಕ್ಸಿ ಇತ್ತು, ಅವನಿರಲಿಲ್ಲ.