ಪಾಸ್ಟರಮ್ಮನ ಗ್ಯಾರೇಜಿನಲ್ಲಿ ನಾನು ಹೇಳದೆ ಉಳಿಸಿಕೊಂಡ ಹೆಸರು

ಮುಸುಕಿನ ಜೋಳದ ಹಿಟ್ಟಿಗೆ ಕುದಿಯುವ ನೀರು ಸುರಿದರೆ ಒಂದು ವಾಸನೆ ಏಳುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಒಣಹುಲ್ಲು. ರಾಗಿಯದು, ಅಕ್ಕಿಯದು ಹಾಗಲ್ಲ. ಹೋದ ವಾರ ಮರ್ಫಿ ಅನ್ನುವ ಊರಿನ ನಮ್ಮ ಈಗಿನ ಮನೆಯಲ್ಲಿ ಮೊಮ್ಮಗಳು ರೂತ್ ಯಾವುದೋ ಪ್ಯಾಕೆಟ್ ಒಡೆದು ಬಟ್ಟಲಿಗೆ ಬಿಸಿನೀರು ಹಾಕಿದಳು. ನಾನು ಟೀವಿ ಮುಂದೆ ಕೂತಿದ್ದೆ. ಆ ವಾಸನೆ ಬಂದದ್ದೇ ತಡ, ಇರ್ವಿಂಗಿನಲ್ಲಿದ್ದ ಆ ಹಳೇ ಗ್ಯಾರೇಜು, ಕರಕರ ಅನ್ನುವ ಅದರ ಬಾಗಿಲು, ಗೋಡೆಗೆ ಒರಗಿಸಿಟ್ಟ ಮಡಚುವ ಕುರ್ಚಿಗಳು, ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಬೀಸುವ ಫ್ಯಾನು, ಎಲ್ಲ ಬಂದು ಎದುರಿಗೆ ನಿಂತವು. ಅಳು ಬರಲಿಲ್ಲ. ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಆಯಾ ಕೆಲಸ ಮಾಡಿದವಳಿಗೆ ಅಳು ಅಷ್ಟು ಸುಲಭಕ್ಕೆ ಬರುವುದಿಲ್ಲ. ಆದರೆ ಎದ್ದು ಹೋಗಿ ಅವಳ ಕೈಯಿಂದ ಬಟ್ಟಲು ಕಿತ್ತುಕೊಂಡೆ. ಹಿಟ್ಟು ಕಲೆಸುವುದು ಹಾಗಲ್ಲ.

ಇಸವಿ ಎರಡು ಸಾವಿರ ಆಗುವುದಕ್ಕೆ ಒಂದೆರಡು ವರ್ಷ ಮುಂಚೆ ರೂತ್ ಹುಟ್ಟಿದಳು. ನನ್ನ ಮಗಳು ಸುಗುಣ ಡಾಲಸ್ಸಿನಲ್ಲಿ ನರ್ಸು. ಕೂಸು ನೋಡಿಕೊಳ್ಳಲು ತುಮಕೂರಿನಿಂದ ನನ್ನನ್ನು ಕರೆಸಿಕೊಂಡಳು. ನಾಲ್ಕನೇ ಕ್ಲಾಸು ಓದಿದವಳು ನಾನು. ಆಸ್ಪತ್ರೆಯ ಡಾಕ್ಟರಮ್ಮನವರಿಂದ ಕೇಳಿ ಕಲಿತ ಮುರುಕು ಇಂಗ್ಲಿಷ್ ಒಂದಿತ್ತು. ಡಾಲಸ್ಸಿನ ಮಗ್ಗುಲ ಊರು ಇರ್ವಿಂಗಿನಲ್ಲಿ ನಮ್ಮ ಪಕ್ಕದ ಮನೆ ಪಾಸ್ಟರಮ್ಮನದು. ದೊಡ್ಡ ಮೈ, ಸೊಂಟದವರೆಗೆ ನರೆತ ಜಡೆ, ಕೊರಳಲ್ಲಿ ನೇರಳೆ ಬಣ್ಣದ ಒಂದು ಚಿಪ್ಪು. ಬಡಗಣ ಸಮುದ್ರದ ದಂಡೆಯ ನ್ಯಾರಗ್ಯಾನ್ಸೆಟ್ ಅನ್ನುವ ಕುಲ ಅವರದು, ಬಿಳಿಯರು ಬರುವ ಮುಂಚಿನಿಂದ ಅಲ್ಲೇ ಇದ್ದವರು. ಗಂಡನಿಗೆ ಏರ್‌ಪೋರ್ಟಿನಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದರಂತೆ. ಅವರು ಇಲ್ಲೇ ಮಣ್ಣಾದರು, ಇವರು ಉಳಿದರು. ಅಪ್ಪ ಕಲ್ಲುಕೆಲಸದವರಂತೆ. ಅದು ಕೈಗೆ ಇಳಿದು ಬಂದಿತ್ತು. ಅರವತ್ತು ದಾಟಿದ ಮೇಲೆ ಮನೆ ಮುಂದೆ ಗಾರೆ ಹಾಕದೆ, ಬರೀ ಕಲ್ಲಿಗೆ ಕಲ್ಲು ಕೂರಿಸಿ, ಸೊಂಟದೆತ್ತರದ ಗೋಡೆ ಎಬ್ಬಿಸಿದ್ದರು. ಮಗುವನ್ನು ಎತ್ತಿಕೊಂಡು ನಿಂತಿದ್ದ ನನ್ನನ್ನು ಆ ಗೋಡೆಯ ಆಚೆಯಿಂದ ನೋಡಿ, ಯಾವ ಸಭೆಗೆ ಹೋಗುತ್ತೀಯ ಅಂತ ಕೇಳಿದರು. ಮಗಳಿಗೆ ಭಾನುವಾರವೂ ಡ್ಯೂಟಿ, ನನಗೆ ಡ್ರೈವ್ ಮಾಡಲು ಬರುವುದಿಲ್ಲ, ಎಲ್ಲಿಗೂ ಇಲ್ಲ ಅಂದೆ. ನಡೆದು ಬರಲು ಬರುತ್ತದಲ್ಲ, ಬಾ ಅಂದರು.

ಅವರ ಸಭೆ ಗ್ಯಾರೇಜಿನಲ್ಲಿ. ಹದಿನೈದು ಜನ ಬಂದರೆ ಹೆಚ್ಚು. ಎರಡು ಕೀರ್ತನೆ, ಸತ್ಯವೇದದ ಓದು, ಚಿಕ್ಕ ಪ್ರಸಂಗ. ಆಮೇಲೆ ಜಾನಿಕೇಕ್. ಹೆಸರಿಗಷ್ಟೇ ಕೇಕು, ಅಂಗೈ ಅಗಲದ ರೊಟ್ಟಿ ಅದು. ಹಿಟ್ಟು ಅವರ ಊರಿಂದ ಅವರ ತಂಗಿ ಕಳಿಸುತ್ತಿದ್ದ ಬಿಳಿ ಮುಸುಕಿನ ಜೋಳದ್ದು. ಭಾನುವಾರ ಬೆಳಿಗ್ಗೆ ಅವರು ಕಲೆಸಿದರೆ ನಾನು ಕಾವಲಿ ಹತ್ತಿರ ನಿಲ್ಲುತ್ತಿದ್ದೆ. ಆದರೆ ತಟ್ಟೆ ಬಂದ ಕೂಡಲೇ ತಿನ್ನುವಂತಿರಲಿಲ್ಲ. ಪಾಸ್ಟರಮ್ಮ ಎದ್ದು ನಿಂತು ತಮ್ಮವರಲ್ಲಿ ಸತ್ತವರ ಹೆಸರು ಹೇಳುತ್ತಿದ್ದರು. ಮುತ್ತಜ್ಜಿಯ ತಾಯಿಯಿಂದ ಶುರುಮಾಡಿ ಗಂಡನವರೆಗೆ ಇಪ್ಪತ್ತಾರು ಹೆಸರು. ಕೈಯಲ್ಲಿ ಚೀಟಿ ಇಲ್ಲ. ಆಮೇಲೆ ಕೂತವರೆಲ್ಲ ತಮ್ಮವರಲ್ಲಿ ಸತ್ತ ಒಬ್ಬರ ಹೆಸರು ಹೇಳಬೇಕು. ಕೊನೆಯವರು ಹೇಳುವ ತನಕ ಯಾರೂ ರೊಟ್ಟಿ ಮುಟ್ಟುವುದಿಲ್ಲ.

ನಿಮ್ಮ ಮನೆಯಲ್ಲೂ ಗಂಡನ ಹೆಸರು ಹೇಳದ ಒಬ್ಬ ಅಜ್ಜಿ ಇದ್ದಿರಬೇಕು, ಹಾಗಾಗಿ ನನ್ನ ಫಜೀತಿ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಿಶನ್ ಕಾಂಪೌಂಡಿನಲ್ಲಿ ಹುಟ್ಟಿ ಬೆಳೆದರೂ ಈ ಒಂದು ವಿಷಯದಲ್ಲಿ ನಾವು ಊರಿನವರ ಹಾಗೇ. ನಮ್ಮ ಅಪ್ಪ ತೊಟ್ಟಿಲಲ್ಲಿದ್ದಾಗಲೇ ತಾತ ಪ್ಲೇಗಿನಲ್ಲಿ ಹೋದರು. ಅಜ್ಜಿ ಬದುಕಿರುವ ತನಕ ಅವರನ್ನು 'ಅವರು' ಅಂದರೇ ಹೊರತು ಬೇರೆ ಮಾತು ಆಡಲಿಲ್ಲ. ನಾನು ಚಿಕ್ಕವಳಿದ್ದಾಗ ಅಜ್ಜಿ ಒರಳಲ್ಲಿ ಖಾರ ರುಬ್ಬುತ್ತಿದ್ದರು, ನಾನು ಪಕ್ಕದಲ್ಲಿ ಕೂತು, ತಾತನ ಹೆಸರೇನಜ್ಜಿ ಅಂತ ಪೀಡಿಸುತ್ತಿದ್ದೆ. ಅವರು ನಕ್ಕು ಖಾರದ ಕೈ ತೋರಿಸಿ ಹೆದರಿಸುತ್ತಿದ್ದರು. ಆ ಒರಳಿನ ಸದ್ದು, ಆ ಕೆಂಪು ಕೈ ಚೆನ್ನಾಗಿ ನೆನಪಿದೆ. ತಾತನ ಹೆಸರು ಮಾತ್ರ ಇವತ್ತಿಗೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಜ್ಜಿ ಮಣ್ಣಿಗೆ ತೆಗೆದುಕೊಂಡು ಹೋದರು.

ನಾನೂ ಅದೇ ಪಾಠ ಕಲಿತವಳು, ನನ್ನ ಗಂಡ ತೀರಿಹೋದ ಮೇಲೂ ಅವರ ಹೆಸರು ಎತ್ತಿರಲಿಲ್ಲ. ಏರ್‌ಪೋರ್ಟಿನ ಆಫೀಸರು ಗಂಡನ ಹೆಸರು ಕೇಳಿದಾಗ ಪಾಸ್‌ಪೋರ್ಟಿನ ಮೇಲೆ ಬೆರಳಿಟ್ಟು ತೋರಿಸಿದ್ದೆ. ಗ್ಯಾರೇಜಿನಲ್ಲಿ ಬೆರಳು ನಡೆಯುವುದಿಲ್ಲ. ಅದಕ್ಕೆ ಒಂದು ವಾರ ಅಮ್ಮನ ಹೆಸರು ಹೇಳಿದೆ, ಇನ್ನೊಂದು ವಾರ ಅಕ್ಕನದು, ಆಮೇಲೆ ಡಾಕ್ಟರಮ್ಮನದು. ವರ್ಷ ಕಳೆಯುವಷ್ಟರಲ್ಲಿ ಕಾಂಪೌಂಡಿನ ಸತ್ತವರೆಲ್ಲ ಮುಗಿದರು. ಒಂದು ಭಾನುವಾರ ನಮ್ಮ ಎಮ್ಮೆಯ ಹೆಸರು ಹೇಳಿ ರೊಟ್ಟಿ ತಿಂದೆ. ಪಾಸ್ಟರಮ್ಮನಿಗೆ ಗೊತ್ತಾಗಿಹೋಯಿತು.

“ಗೌರಿ ಅಂದೆಯಲ್ಲ, ಅವಳು ನಿನಗೇನಾಗಬೇಕು?” ಪಾತ್ರೆ ತೊಳೆಯುವಾಗ ಕೇಳಿದರು.

“ಹಾಲು ಕೊಡುತ್ತಿದ್ದಳು” ಅಂದೆ.

ಅವರು ನಕ್ಕ ನಗೆಗೆ ಕೈಲಿದ್ದ ಲೋಟ ಸಿಂಕಿಗೆ ಬಿತ್ತು. ಆಮೇಲೆ ಕೇಳಿದರು, ಗಂಡನ ಹೆಸರು ಯಾಕೆ ಹೇಳುವುದಿಲ್ಲ ಅಂತ. ಹೇಳಿದರೆ ಅವರ ಆಯುಸ್ಸು ಕಡಿಮೆಯಾಗುತ್ತದೆ ಅಂದೆ. ಸತ್ತವನ ಆಯುಸ್ಸು ಇನ್ನೆಷ್ಟು ಕಡಿಮೆಯಾಗುತ್ತದೆ ಸಿಸ್ಟರ್ ಅಂದರು. ನಾನು ಸಿಂಕಿನಿಂದ ಲೋಟ ಎತ್ತಿ ತೊಳೆದೆ. ಅವತ್ತೇ ಅವರು ತಮ್ಮ ಕಥೆ ಹೇಳಿದ್ದು. ಅವರ ಹಿರಿಯರೂ ಸತ್ತವರ ಹೆಸರು ಎತ್ತುತ್ತಿರಲಿಲ್ಲವಂತೆ. ಎತ್ತಿದರೆ ಅವಮರ್ಯಾದೆ. ಮುತ್ತಜ್ಜಿಯ ಕಾಲದಲ್ಲಿ ಅಲ್ಲಿನ ಸರ್ಕಾರದವರು, ಈ ಕುಲ ಇನ್ನು ಇಲ್ಲ ಅಂತ ಕಾಗದದಲ್ಲಿ ಬರೆದುಬಿಟ್ಟರಂತೆ. “ಬದುಕಿದ್ದವರನ್ನೇ ಇಲ್ಲ ಅಂತ ಬರೆದರು. ನಾವು ಸತ್ತವರ ಹೆಸರೂ ಹೇಳದೆ ಕೂತಿದ್ದೆವು. ಇದ್ದೆವು ಅನ್ನುವುದಕ್ಕೆ ಇನ್ನೇನು ಉಳಿಯಿತು?” ಅದಕ್ಕೇ ಅವರು ಹಿರಿಯರ ಮಾತು ಮುರಿದದ್ದು, ಕಾಗದ ನಂಬದೆ ಬಾಯಲ್ಲೇ ಇಟ್ಟುಕೊಂಡದ್ದು.

ಏಳೆಂಟು ವರ್ಷ ಹೀಗೇ ಹೋಯಿತು. ರೂತ್ ಆ ಗ್ಯಾರೇಜಿನ ನೆಲದ ಮೇಲೆ ಅಂಬೆಗಾಲಿಟ್ಟಳು, ಆ ಕಲ್ಲುಗೋಡೆ ಹಿಡಿದು ನಡೆಯಲು ಕಲಿತಳು, ಅದರ ಮೇಲೆ ಕೂತು ಸ್ಕೂಲ್ ಬಸ್ಸಿಗೆ ಕಾದಳು. ಅಷ್ಟರಲ್ಲಿ ಪಾಸ್ಟರಮ್ಮನ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕೈಯೆಲ್ಲ ಊದಿಕೊಂಡು ಹಿಟ್ಟು ಕಲೆಸುವುದೂ ನನ್ನ ಪಾಲಿಗೆ ಬಂತು. ಒಂದು ಬೆಳಿಗ್ಗೆ ಕಾವಲಿ ಮುಂದೆ ನಿಂತು ನನಗೇ ಗೊತ್ತಿಲ್ಲದೆ ಆ ಇಪ್ಪತ್ತಾರು ಹೆಸರನ್ನು ಕೀರ್ತನೆಯ ಹಾಗೆ ಗುನುಗುತ್ತಿದ್ದೆ. ಓದು ಕಮ್ಮಿ ಇರುವವರ ಕಿವಿಗೆ ಅಷ್ಟು ಶಕ್ತಿ ಇರುತ್ತದೆ. ಅವರು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. ಅದಾದ ಮೇಲೆ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನನ್ನ ಕೈ ಹಿಡಿದು ಕೇಳಿಕೊಂಡರು. ಮಗ ಹ್ಯೂಸ್ಟನ್ನಿನಲ್ಲಿ, ಮಗಳು ಆಸ್ಟಿನ್ನಿನಲ್ಲಿ. ಇಬ್ಬರಿಗೂ ಆರು ಹೆಸರು ದಾಟಿದರೆ ತಡವರಿಕೆ. ತಾವು ಹೋದ ಮೇಲೆ ಆ ಹೆಸರುಗಳನ್ನು, ಕೊನೆಗೆ ತಮ್ಮದನ್ನು, ನಾನೇ ನಿಂತು ಹೇಳಬೇಕು ಅಂದರು.

“ಆದರೆ ಮೊದಲು ನಿನ್ನವನ ಹೆಸರು ಹೇಳು ಸಿಸ್ಟರ್. ನಿನ್ನವನನ್ನು ಹೊರಗೆ ನಿಲ್ಲಿಸಿ ನನ್ನವರನ್ನು ಒಳಗೆ ಕರೆಯಬೇಡ. ನಾನು ಕೇಳಿಸಿಕೊಂಡು ಹೋಗುತ್ತೇನೆ.”

ರೂಮಿನಲ್ಲಿ ನಾವಿಬ್ಬರೇ. ಬಾಯಿ ತೆರೆದೆ. ಅಜ್ಜಿಯ ಖಾರದ ಕೈ ಅಡ್ಡ ಬಂತು. ಭಾನುವಾರ ಸಭೆಯಲ್ಲಿ ಹೇಳುತ್ತೇನೆ ಪಾಸ್ಟರಮ್ಮ, ಎಲ್ಲರ ಮುಂದೆ, ಅಂದೆ. ಸುಳ್ಳಲ್ಲ, ಹೇಳಬೇಕೆಂದೇ ಇದ್ದೆ. ಅವರು ತಲೆಯಾಡಿಸಿ ಕಣ್ಣು ಮುಚ್ಚಿದರು. ಶನಿವಾರ ಬೆಳಿಗ್ಗೆ ಹೋಗಿಬಿಟ್ಟರು.

ಮಾರನೇ ದಿನ ಗ್ಯಾರೇಜು ತುಂಬಿತ್ತು. ಮಗನೂ ಮಗಳೂ ಬಂದಿದ್ದರು. ರೊಟ್ಟಿ ನಾನೇ ಸುಟ್ಟೆ. ನಾನೇ ಎದ್ದು ನಿಂತು ಇಪ್ಪತ್ತಾರೂ ಹೇಳಿದೆ, ಒಂದೂ ತಪ್ಪಲಿಲ್ಲ. ಇಪ್ಪತ್ತೇಳನೆಯದು ಅಬಿಗೈಲ್. ಅಷ್ಟು ವರ್ಷದಲ್ಲಿ ಅವರ ಹೆಸರು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು. ಆಮೇಲೆ ಸಾಲಾಗಿ ಎಲ್ಲರೂ ಹೇಳುತ್ತಾ ಬಂದರು. ಕೊನೆಗೆ ನಾನು. ತಟ್ಟೆ ಹಿಡಿದುಕೊಂಡು ಎಲ್ಲರೂ ಕಾದರು. ಫ್ಯಾನು ಎರಡು ಮೂರು ಸಲ ಈ ಕಡೆಯಿಂದ ಆ ಕಡೆಗೆ ತಿರುಗಿತು. ನಾನು ಮತ್ತೆ ಅಮ್ಮನ ಹೆಸರು ಹೇಳಿದೆ. ಯಾರಿಗೂ ಏನೂ ಗೊತ್ತಾಗಲಿಲ್ಲ. ಗೊತ್ತಾಗಬೇಕಾದವರು ಇರಲಿಲ್ಲ. ಎಲ್ಲರೂ ತಿಂದರು, ನಾನೂ ತಿಂದೆ.

ಅವರನ್ನು ಬಡಗಣ ಊರಿಗೇ ತೆಗೆದುಕೊಂಡು ಹೋದರು. ಮನೆ ಮಾರಿದರು. ಕೊಂಡವರು ಕಾರು ಎರಡು ನಿಲ್ಲಬೇಕು ಅಂತ ಕಲ್ಲುಗೋಡೆ ಕೆಡವಿದರು. ಗಾರೆ ಇರಲಿಲ್ಲವಲ್ಲ, ಒಂದು ಬೆಳಿಗ್ಗೆಯ ಕೆಲಸ. ಸುಗುಣ ಮರ್ಫಿಗೆ ಶಿಫ್ಟ್ ಆದಳು, ಜೊತೆಗೆ ನಾನೂ.

ಹೋದ ವಾರ ರೊಟ್ಟಿ ಸುಡುತ್ತಾ ಇದನ್ನೆಲ್ಲ ರೂತ್‌ಗೆ ಹೇಳಿದೆ. ಆ ಹೆಸರುಗಳನ್ನು ಹೇಳು ಅಜ್ಜಿ ಅಂದಳು, ಇಂಗ್ಲಿಷಿನಲ್ಲಿ. ಹೇಳುತ್ತಾ ಹೋದೆ, ಅವಳು ಬೆರಳು ಮಡಚಿದಳು. ಅಬಿಗೈಲ್ ಸೇರಿ ಹತ್ತೊಂಬತ್ತಕ್ಕೆ ನಿಂತಿತು. ಮತ್ತೆ ಮೊದಲಿಂದ ಹೇಳಿದೆ. ಹತ್ತೊಂಬತ್ತೇ. ಎಂಟು ಜನ ನನ್ನ ತಲೆಯಿಂದ ಎಲ್ಲಿ ಬಿದ್ದುಹೋದರೋ ಗೊತ್ತಿಲ್ಲ. ಹ್ಯೂಸ್ಟನ್ನಿನ ಮಗನ ಫೋನ್ ನಂಬರು ಈಗ ನಮ್ಮ ಹತ್ತಿರ ಇಲ್ಲ. ಕಾವಲಿ ಮೇಲಿನ ರೊಟ್ಟಿ ಸೀದಿತು. ಆಗ ಆ ಹುಡುಗಿ ಕೇಳಿದಳು, ತಾತನ ಹೆಸರೇನಜ್ಜಿ ಅಂತ.

ನನ್ನವರ ಹೆಸರಿಗೆ ಅವತ್ತೂ ಬಾಯಿ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಾಗದದ ಮೇಲೆ ಪಾಸ್ಟರಮ್ಮನಿಗೆ ನಂಬಿಕೆ ಇರಲಿಲ್ಲ, ಆದ್ದರಿಂದ ಓದುವವರು ಈ ಒಂದನ್ನು ಬಾಯಿಬಿಟ್ಟು ಓದಿ. ಅವರ ಹೆಸರು ದಾವೀದಪ್ಪ.